ಬಿಸಿಗೆ ಗಡಿ ಹಾಕಿದ ಕಥೆ: ಯಕೃತ್ತಿನ ಗಂತಿಯನ್ನು ಬೇಯಿಸುವ ಸೂಜಿಗಳು

ಬೆಳ್ತಂಗಡಿ ತಾಲೂಕಿನ ಮುಂಡಾಜೆಯ ಕಡೆ ಬೆಳಗಿನ ತಿಂಡಿಗೆ ಪುಂಡಿ ಮಾಡುವಾಗ ಅಕ್ಕಿತರಿಯ ಉಂಡೆಯ ನಡುವೆ ಹೆಬ್ಬೆರಳಿನಿಂದ ಒಂದು ಸಣ್ಣ ಗುಳಿ ಒತ್ತುವುದುಂಟು. ಏಕೆಂದು ಕೇಳಿದರೆ ‘ಇಲ್ಲದಿದ್ದರೆ ನಡುವೆ ಬೇಯುವುದಿಲ್ಲ’ ಎಂಬ ಉತ್ತರ ಬರುತ್ತದೆ. ಹಬೆ ಉಂಡೆಯ ಹೊರಮೈಯನ್ನಷ್ಟೇ ಮುಟ್ಟಬಲ್ಲದು. ಅಲ್ಲಿಂದ ಒಳಕ್ಕೆ ಬಿಸಿ ನಿಧಾನವಾಗಿ ವಹನದಿಂದ ಸಾಗಬೇಕು. ಗುಳಿ ಒತ್ತಿದರೆ ಬಿಸಿ ಸಾಗಬೇಕಾದ ದೂರ ಕಡಿಮೆಯಾಗುತ್ತದೆ. ಅದೇ ಮನೆಯ ಒಲೆಯ ಕೆಂಡದಲ್ಲಿ ಒಂದು ಗೆಣಸನ್ನು ಸುಡಲು ಇಟ್ಟು ನೋಡಿ. ಅವಸರಪಟ್ಟು ಕೆಂಡ ಕೆದಕಿ ಉರಿ ಹೆಚ್ಚಿಸಿದರೆ ಸಿಪ್ಪೆ ಕರಟಿ ಇದ್ದಿಲಾಗುತ್ತದೆ, ಒಳಗೆ ಮಾತ್ರ ಹಸಿ ಉಳಿದಿರುತ್ತದೆ.

ಬಿಸಿ ಸಾಕಷ್ಟು ದೂರ ತಲುಪದಿರುವುದು ಒಂದು ತೊಡಕು. ದೂರ ತಲುಪಿಸಲು ಹೋಗಿ ಹತ್ತಿರವೇ ಕರಟುವುದು ಇನ್ನೊಂದು. ಅಡುಗೆಮನೆಯ ಈ ಎರಡು ತೊಡಕುಗಳೇ ಯಕೃತ್ತಿನ ಕ್ಯಾನ್ಸರ್ ಗಂತಿಯನ್ನು ಸೂಜಿಯಿಂದ ಬೇಯಿಸಿ ಕೊಲ್ಲಲು ಹೊರಟ ವೈದ್ಯರನ್ನೂ ಎಂಜಿನಿಯರುಗಳನ್ನೂ ಕಾಡಿದವು. ಅವರಿಗೆ ಮೂರನೆಯ ತೊಡಕೂ ಇತ್ತು: ಬಿಸಿ ಬೇಕಾದಲ್ಲಿಗೆ ತಲುಪಿದ ಮೇಲೆ ಅಲ್ಲಿಯೇ ನಿಲ್ಲಬೇಕು. ಬಿಸಿಯನ್ನು ಹುಟ್ಟಿಸುವುದು ಎಂದೂ ಕಷ್ಟವಾಗಿರಲಿಲ್ಲ, ಅದಕ್ಕೆ ಗಡಿ ಹಾಕುವುದೇ ಕಷ್ಟ. ಈ ಸಾಧನಗಳ ಇತಿಹಾಸವೆಂದರೆ ಆ ಗಡಿಯನ್ನು ಹುಡುಕಿದ ಇತಿಹಾಸ.

ಏಕೆ ಸುಡಬೇಕು?

ಯಕೃತ್ತು, ಅಂದರೆ ಪಿತ್ತಜನಕಾಂಗ, ನಮ್ಮ ದೇಹದ ಒಳಗಿನ ಅತಿ ದೊಡ್ಡ ಅಂಗ. ವಯಸ್ಕರಲ್ಲಿ ಅದರ ತೂಕ ಸುಮಾರು ಒಂದೂವರೆ ಕಿಲೋಗ್ರಾಂ. ಹೃದಯ ನಿಮಿಷಕ್ಕೆ ಹೊರದೂಡುವ ರಕ್ತದ ಸುಮಾರು ಕಾಲು ಭಾಗ ಇದರ ಮೂಲಕ ಹಾದುಹೋಗುತ್ತದೆ. ಈ ರಕ್ತದ ಹೆಚ್ಚಿನ ಪಾಲು ಕರುಳಿನಿಂದ ಬರುವಂಥದು. ಆದ್ದರಿಂದ ಕರುಳಿನಲ್ಲಿ ಹುಟ್ಟಿದ ಕ್ಯಾನ್ಸರ್ ಕೋಶಗಳು ರಕ್ತದೊಡನೆ ತೇಲಿಬಂದು ಇಲ್ಲಿ ಬೀಡುಬಿಡುವುದು ಸಾಮಾನ್ಯ. ಯಕೃತ್ತಿನ ಸ್ವಂತ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಬೇರೆ. ಅದು ಹೆಚ್ಚಾಗಿ ಹೆಪಟೈಟಿಸ್ ‘ಬಿ’ ಮತ್ತು ‘ಸಿ’ ವೈರಸ್‌ಗಳಿಂದಲೋ ಮದ್ಯಪಾನದಿಂದಲೋ ಕೊಬ್ಬು ಶೇಖರಣೆಯಿಂದಲೋ ಮೊದಲೇ ಗಡಸಾಗಿ ಸಿರೋಸಿಸ್‌ಗೆ ತುತ್ತಾದ ಯಕೃತ್ತಿನಲ್ಲಿ ಕಾಣಿಸಿಕೊಳ್ಳುತ್ತದೆ.

ಗಂತಿಯನ್ನು ಕೊಯ್ದು ತೆಗೆಯುವುದು ಹಳೆಯ ಉಪಾಯ. ಆರೋಗ್ಯವಂತ ಯಕೃತ್ತಿನ ಒಂದು ಭಾಗವನ್ನು ತೆಗೆದರೆ ಉಳಿದದ್ದು ಮತ್ತೆ ಬೆಳೆಯುತ್ತದೆ. ಆದರೆ ಸಿರೋಸಿಸ್ ಆದ ಯಕೃತ್ತಿಗೆ ಆ ಶಕ್ತಿ ಕುಂದಿರುತ್ತದೆ. ಗಂತಿಯೊಡನೆ ಸುತ್ತಲಿನ ಭಾಗವನ್ನೂ ಧಾರಾಳವಾಗಿ ಕತ್ತರಿಸಿದರೆ ರೋಗಿ ಉಳಿಯುವುದೇ ಕಷ್ಟವಾಗಬಹುದು. ಹೊಟ್ಟೆಯನ್ನು ತೆರೆಯದೆ ಗಂತಿಯನ್ನಷ್ಟೇ ಇದ್ದಲ್ಲಿಯೇ ಕೊಂದು, ಸತ್ತ ಅಂಗಾಂಶವನ್ನು ಅಲ್ಲಿಯೇ ಬಿಡುವುದಾದರೆ? ದೇಹವೇ ಅದನ್ನು ನಿಧಾನವಾಗಿ ಕರಗಿಸಿ ಕಲೆಯಾಗಿಸುತ್ತದೆ. ಈ ವಿಧಾನಕ್ಕೆ ‘ಅಬ್ಲೇಷನ್’ ಎಂದು ಹೆಸರು.

ಬರೆಗೂ ಸೂಜಿಗೂ ಇರುವ ಅಂತರ

ಬೆಂಕಿಯನ್ನು ಚಿಕಿತ್ಸೆಗೆ ಬಳಸುವುದು ಹೊಸತೇನಲ್ಲ. ಸುಶ್ರುತಸಂಹಿತೆಯಲ್ಲಿ ‘ಅಗ್ನಿಕರ್ಮ’ಕ್ಕೆ ಒಂದು ಅಧ್ಯಾಯವೇ ಇದೆ. ಪ್ರಾಚೀನ ಗ್ರೀಕ್ ವೈದ್ಯರೂ ಕಾದ ಕಬ್ಬಿಣವನ್ನು ಬಳಸುತ್ತಿದ್ದರು. ಕಾಮಾಲೆಯಾದವರಿಗೆ ತೋಳಿಗೋ ಹೊಟ್ಟೆಗೋ ಬರೆ ಹಾಕಿಸುವ ರೂಢಿಯನ್ನು ನಮ್ಮ ಹಳ್ಳಿಗಳಲ್ಲಿ ಹಿರಿಯರು ಕಂಡಿದ್ದಾರೆ. ಕಾಮಾಲೆ ಯಕೃತ್ತಿನ ತೊಂದರೆಯ ಲಕ್ಷಣ. ಬರೆ ಸುಡುವುದು ಚರ್ಮವನ್ನು. ಆ ಬಿಸಿ ಕೆಲವು ಮಿಲಿಮೀಟರ್ ಕೂಡ ಒಳಗಿಳಿಯುವುದಿಲ್ಲ, ಇಳಿದರೂ ವೈರಸ್ಸಿನಿಂದ ಊದಿಕೊಂಡ ಯಕೃತ್ತಿಗೆ ಅದರಿಂದ ಪ್ರಯೋಜನವಿಲ್ಲ. ಉಳಿಯುವುದು ಗಾಯ, ನಂಜು ಮತ್ತು ಸರಿಯಾದ ಚಿಕಿತ್ಸೆಗೆ ಆದ ವಿಳಂಬ.

ಬರೆ ಮತ್ತು ಅಬ್ಲೇಷನ್ ಎರಡರಲ್ಲೂ ಇರುವುದು ಬಿಸಿಯೇ. ಹಾಗಿದ್ದರೆ ಅಂತರ ಎಲ್ಲಿದೆ? ಎಲ್ಲಿ, ಎಷ್ಟು, ಎಷ್ಟು ಹೊತ್ತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಗೊತ್ತಿರುವುದರಲ್ಲಿ. ಈ ಉತ್ತರಗಳು ಒಂದೊಂದಾಗಿ ದೊರೆಯಲು ನೂರು ವರ್ಷಗಳೇ ಹಿಡಿದವು.

ಕಂಪಿಸದ ವಿದ್ಯುತ್ತು

ಮೊದಲ ಹೆಜ್ಜೆ ಇಟ್ಟವರು ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಜಾಕ್ ಆರ್ಸೀನ್ ಡಾರ್ಸೊನ್ವಾಲ್. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ದಿಕ್ಕು ಬದಲಿಸುವ ಪರ್ಯಾಯ ವಿದ್ಯುತ್ತು. ಅದು ಮೈಗೆ ತಗುಲಿದರೆ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಆವೃತ್ತಿಯನ್ನು ಸೆಕೆಂಡಿಗೆ ಹತ್ತು ಸಾವಿರಕ್ಕಿಂತ ಮೇಲಕ್ಕೆ ಏರಿಸಿದರೆ ನರ ಮತ್ತು ಸ್ನಾಯುಗಳು ಅಷ್ಟು ಬೇಗ ಪ್ರತಿಕ್ರಿಯಿಸಲಾರವು, ವಿದ್ಯುತ್ತು ಅವನ್ನು ಕೆರಳಿಸದೆ ಹಾದುಹೋಗುತ್ತದೆ ಎಂದು ಡಾರ್ಸೊನ್ವಾಲ್ 1891ರಲ್ಲಿ ತೋರಿಸಿದರು. ವಿದ್ಯುತ್ತಿನ ಆಘಾತವಿಲ್ಲದೆ ಅದರ ಬಿಸಿಯನ್ನು ಮಾತ್ರ ಪಡೆಯುವ ದಾರಿ ಇದರಿಂದ ತೆರೆಯಿತು.

ಅದನ್ನು ಶಸ್ತ್ರಚಿಕಿತ್ಸೆಯ ಮೇಜಿಗೆ ತಂದವರು ಅಮೆರಿಕದ ವಿಲಿಯಂ ಬೋವಿ. ಅವರು ಡಾಕ್ಟರೇಟ್ ಪಡೆದದ್ದು ಸಸ್ಯಗಳ ಶರೀರಕ್ರಿಯೆಯಲ್ಲಿ ಎಂಬುದು ಸ್ವಾರಸ್ಯ. ಮಿದುಳಿನ ಶಸ್ತ್ರಚಿಕಿತ್ಸಕ ಹಾರ್ವೆ ಕುಶಿಂಗ್ 1926ರ ಅಕ್ಟೋಬರ್ 1ರಂದು ಬಾಸ್ಟನ್ ನಗರದಲ್ಲಿ ಬೋವಿಯವರ ಉಪಕರಣದಿಂದ ರೋಗಿಯೊಬ್ಬರ ತಲೆಯ ಗಂತಿಯನ್ನು ತೆಗೆದರು. ಅದೇ ಗಂತಿಯ ಮೇಲಿನ ಹಿಂದಿನ ಪ್ರಯತ್ನವನ್ನು ರಕ್ತಸ್ರಾವದಿಂದಾಗಿ ಅರ್ಧಕ್ಕೇ ನಿಲ್ಲಿಸಬೇಕಾಗಿತ್ತು. ಇಂದಿಗೂ ಶಸ್ತ್ರಕ್ರಿಯೆಯ ಕೊಠಡಿಗಳಲ್ಲಿ ಈ ಬಗೆಯ ಉಪಕರಣಕ್ಕೆ ‘ಬೋವಿ’ ಎಂಬ ಹೆಸರೇ ಬಳಕೆಯಲ್ಲಿದೆ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಬೋವಿಯ ತುದಿಯಾಗಲಿ ಇಂದಿನ ರೇಡಿಯೋ ಆವೃತ್ತಿಯ ಸೂಜಿಯಾಗಲಿ ಬರೆಯ ಕಬ್ಬಿಣದಂತೆ ತಾನೇ ಕಾದು ಸುಡುವುದಿಲ್ಲ. ಸೂಜಿಯಿಂದ ಹೊರಟ ವಿದ್ಯುತ್ತು ರೋಗಿಯ ತೊಡೆಗೆ ಅಂಟಿಸಿದ ಅಗಲವಾದ ಪಟ್ಟಿಯ ಮೂಲಕ ಯಂತ್ರಕ್ಕೆ ಮರಳುತ್ತದೆ. ಸೂಜಿಯ ತುದಿ ಕಿರಿದು, ಹಾಗಾಗಿ ಅಲ್ಲಿ ವಿದ್ಯುತ್ತು ದಟ್ಟವಾಗಿರುತ್ತದೆ. ಅಂಗಾಂಶದ ಅಯಾನುಗಳು ಹಿಂದೆ ಮುಂದೆ ಓಲಾಡಿ ಆ ಘರ್ಷಣೆಯಲ್ಲಿ ಅಂಗಾಂಶವೇ ಕಾಯುತ್ತದೆ. ಪಟ್ಟಿ ಅಗಲ, ಅಲ್ಲಿ ವಿದ್ಯುತ್ತು ತೆಳುವಾಗಿ ಹರಡಿ ಬಿಸಿ ಕಡಿಮೆಯಾಗುತ್ತದೆ. ಪಟ್ಟಿ ಸರಿಯಾಗಿ ಅಂಟದಿದ್ದರೆ ತೊಡೆಯೂ ಸುಡಬಹುದು.

ಎಷ್ಟು ಬಿಸಿ, ಎಷ್ಟು ಹೊತ್ತು?

ಎರಡನೆಯ ಪ್ರಶ್ನೆಗೆ ಉತ್ತರ 1940ರ ದಶಕದಲ್ಲಿ ಮೂಡತೊಡಗಿತು. ಹಾರ್ವರ್ಡ್‌ನ ಅಲನ್ ಮೊರಿಟ್ಜ್ ಮತ್ತು ಹೆನ್ರಿಕ್ಸ್ 1947ರಲ್ಲಿ ಸುಟ್ಟಗಾಯಗಳ ಬಗ್ಗೆ ಪ್ರಕಟಿಸಿದ ಅಧ್ಯಯನಗಳು ಒಂದು ಮುಖ್ಯ ಸಂಗತಿಯನ್ನು ಹೇಳಿದವು. ಚರ್ಮ 44 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಯಲು ಸುಮಾರು ಆರು ಗಂಟೆ ಬೇಕು, 60 ಡಿಗ್ರಿಯಲ್ಲಿ ಕೆಲವೇ ಸೆಕೆಂಡು ಸಾಕು. ಎಂದರೆ ಕೋಶದ ಸಾವನ್ನು ನಿರ್ಧರಿಸುವುದು ಕೇವಲ ಉಷ್ಣತೆಯಲ್ಲ, ಉಷ್ಣತೆ ಮತ್ತು ಕಾಲ ಎರಡೂ ಕೂಡಿ.

ಇದನ್ನು 1984ರಲ್ಲಿ ಸ್ಟೀಫನ್ ಸಪರೆಟೊ ಮತ್ತು ವಿಲಿಯಂ ಡ್ಯೂಯಿ ಸುಲಭದ ಒಂದು ನಿಯಮವಾಗಿಸಿದರು. 43 ಡಿಗ್ರಿಗಿಂತ ಮೇಲೆ ಪ್ರತಿಯೊಂದು ಡಿಗ್ರಿ ಏರಿದಾಗಲೂ ಅದೇ ಪರಿಣಾಮಕ್ಕೆ ಬೇಕಾಗುವ ಕಾಲ ಅರ್ಧವಾಗುತ್ತದೆ. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು. 43 ಡಿಗ್ರಿಯಲ್ಲಿ 240 ನಿಮಿಷ ಬೇಕೆಂದು ಇಟ್ಟುಕೊಳ್ಳಿ. 44ರಲ್ಲಿ 120, 45ರಲ್ಲಿ 60 ನಿಮಿಷ. 50 ಡಿಗ್ರಿಗೆ ಬಂದಾಗ ಏಳು ಸಲ ಅರ್ಧವಾಗಿ ಎರಡು ನಿಮಿಷಕ್ಕಿಂತ ಕಡಿಮೆ. 60 ಡಿಗ್ರಿಯಲ್ಲಿ ಒಂದು ಸೆಕೆಂಡೂ ಬೇಡ. ಕೋಳಿಮೊಟ್ಟೆಯ ಬಿಳಿಲೋಳೆ ಗಟ್ಟಿಯಾಗತೊಡಗುವುದೂ ಇದೇ ಆಸುಪಾಸಿನಲ್ಲಿ. ಎರಡರಲ್ಲೂ ನಡೆಯುವುದು ಪ್ರೋಟೀನುಗಳು ತಮ್ಮ ಸಹಜ ಮಡಿಕೆಯನ್ನು ಕಳೆದುಕೊಳ್ಳುವ ಕ್ರಿಯೆ.

ಹಾಗಾದರೆ ನೂರೈವತ್ತು ಡಿಗ್ರಿಗೆ ಏರಿಸಿಬಿಟ್ಟರೆ ಇನ್ನೂ ಒಳ್ಳೆಯದಲ್ಲವೆ? ಅಲ್ಲ. ನೂರು ಡಿಗ್ರಿ ದಾಟಿದರೆ ಅಂಗಾಂಶದ ನೀರು ಆವಿಯಾಗುತ್ತದೆ. ಒಣಗಿ ಕರಟಿದ ಅಂಗಾಂಶದಲ್ಲಿ ವಿದ್ಯುತ್ತು ಹರಿಯದು. ರೋಧ ಥಟ್ಟನೆ ಏರಿ ಬಿಸಿಯಾಗುವುದೇ ನಿಂತುಹೋಗುತ್ತದೆ. ಕೆಂಡದ ಗೆಣಸಿನ ಸಿಪ್ಪೆಯಂತೆ ಕರಿ ಪದರವೊಂದು ಸೂಜಿಯನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಸಾಧನ ವಿನ್ಯಾಸಕಾರರಿಗೆ ಉಳಿದದ್ದು 50ರಿಂದ 100 ಡಿಗ್ರಿಯವರೆಗಿನ ಇಕ್ಕಟ್ಟಾದ ದಾರಿ. ಗಂತಿಯ ಅಂಚಿನಲ್ಲಿ 50ಕ್ಕಿಂತ ಕೆಳಗಿಳಿಯಬಾರದು, ಸೂಜಿಯ ಮೈಯಲ್ಲಿ 100ನ್ನು ದಾಟಬಾರದು.

ಇದೇ ಕಾಲದ ಇನ್ನೊಂದು ಕೊಡುಗೆ ಹ್ಯಾರಿ ಪೆನ್ನೆಸ್ ಅವರದು. ಅವರು ಸ್ವಯಂಸೇವಕರ ಮುಂದೋಳಿನೊಳಗೆ ಸೂಕ್ಷ್ಮ ಥರ್ಮೋಕಪಲ್‌ಗಳನ್ನು ಹಾಯಿಸಿ ಉಷ್ಣತೆಯನ್ನು ಅಳೆದರು. ಜೀವಂತ ಅಂಗಾಂಶದಲ್ಲಿ ಬಿಸಿ ಹರಡುವುದಕ್ಕೆ 1948ರಲ್ಲಿ ಅವರು ಒಂದು ಸಮೀಕರಣ ಕೊಟ್ಟರು. ಲೋಹದ ಸರಳಿನಲ್ಲಿ ಬಿಸಿ ಹರಿಯುವ ಸಮೀಕರಣಕ್ಕೆ ಅವರು ಸೇರಿಸಿದ ಮುಖ್ಯ ಪದ ರಕ್ತದ್ದು: ಹರಿಯುವ ರಕ್ತ ಬಿಸಿಯನ್ನು ಹೊತ್ತೊಯ್ಯುತ್ತದೆ. ಮುಂದೋಳಿಗೆಂದು ಬರೆದ ಈ ಸಮೀಕರಣವೇ ಇಂದಿಗೂ ಯಕೃತ್ತಿನ ಸೂಜಿಯ ವಿನ್ಯಾಸಕ್ಕೆ ಕಂಪ್ಯೂಟರಿನಲ್ಲಿ ಮಾಡುವ ಲೆಕ್ಕಗಳ ತಳಹದಿ.

1990: ಮೊದಲ ಸೂಜಿಗಳು

ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ಅಲ್ಟ್ರಾಸೌಂಡ್. ಹೊಟ್ಟೆಯನ್ನು ತೆರೆಯದೆಯೇ ಯಕೃತ್ತಿನೊಳಗಿನ ಗಂತಿಯನ್ನೂ ಅದರತ್ತ ಸಾಗುವ ಸೂಜಿಯನ್ನೂ ಪರದೆಯ ಮೇಲೆ ನೋಡಲು ಸಾಧ್ಯವಾದ ಮೇಲೆ, 1980ರ ದಶಕದಲ್ಲಿ ಜಪಾನ್ ಮತ್ತು ಇಟಲಿಯ ವೈದ್ಯರು ಗಂತಿಯೊಳಗೆ ಶುದ್ಧ ಆಲ್ಕೊಹಾಲ್ ಚುಚ್ಚಿ ಕೋಶಗಳನ್ನು ಕೊಲ್ಲತೊಡಗಿದರು. ಇದು ಅಗ್ಗವಾಗಿತ್ತು, ಸಣ್ಣ ಗಂತಿಗಳಿಗೆ ಪರಿಣಾಮಕಾರಿಯೂ ಆಗಿತ್ತು. ಆದರೆ ದ್ರವ ತನ್ನ ಇಷ್ಟದ ಕಡೆ ಹರಿಯುತ್ತಿತ್ತು. ಗಂತಿಯ ಒಳಗಿನ ನಾರುಗೋಡೆ ಅಡ್ಡಬಂದರೆ ಆಚೆ ಬದಿ ಉಳಿದುಬಿಡುತ್ತಿತ್ತು. ಇಲ್ಲಿಯೂ ಗಡಿಯದೇ ತೊಂದರೆ.

ದ್ರವದ ಬದಲು ಬಿಸಿಯನ್ನು ಕಳುಹಿಸಿದರೆ ಹೇಗೆ? 1990ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಇದನ್ನು ಪ್ರಾಣಿಗಳ ಯಕೃತ್ತಿನಲ್ಲಿ ಮಾಡಿ ತೋರಿಸಿದವು. ಒಂದು ಇಟಲಿಯ ಸಾಂಡ್ರೊ ರೊಸ್ಸಿ ಅವರದು, ಇನ್ನೊಂದು ಅಮೆರಿಕದ ಕ್ಯಾಲಿಫೋರ್ನಿಯದ ಜಾನ್ ಮೆಗಹಾನ್ ಅವರದು. ಇಬ್ಬರೂ ಬಳಸಿದ್ದು ತುದಿಯನ್ನು ಬಿಟ್ಟು ಉಳಿದ ಉದ್ದಕ್ಕೆ ವಿದ್ಯುನ್ನಿರೋಧಕ ಲೇಪಿಸಿದ ಸೂಜಿ. ರೊಸ್ಸಿ ಬಳಸಿದ ಆವೃತ್ತಿ 480 ಕಿಲೋಹರ್ಟ್ಸ್. 1993ರಲ್ಲಿ ರೊಸ್ಸಿ ತಂಡ ಸಣ್ಣ ಗಂತಿಗಳಿದ್ದ ರೋಗಿಗಳಲ್ಲಿ ಅಲ್ಟ್ರಾಸೌಂಡಿನ ನೆರವಿನಿಂದ ಇದನ್ನು ಪ್ರಯೋಗಿಸಿದ ವರದಿ ಪ್ರಕಟಿಸಿತು.

ಆದರೆ ಈ ಸೂಜಿಗಳು ಬೇಯಿಸುತ್ತಿದ್ದ ಉಂಡೆಯ ಅಗಲ ಹೆಚ್ಚೆಂದರೆ 1.6 ಸೆಂಟಿಮೀಟರ್. ಮೂರು ಸೆಂಟಿಮೀಟರಿನ ಗಂತಿಯೊಂದನ್ನು ಊಹಿಸಿಕೊಳ್ಳಿ. ಕಣ್ಣಿಗೆ ಕಾಣದ ಕೋಶಗಳು ಅಂಚಿನಾಚೆಗೆ ಚಾಚಿರುವುದರಿಂದ ಸುತ್ತಲೂ ಒಂದು ಸೆಂಟಿಮೀಟರ್ ಆರೋಗ್ಯವಂತ ಅಂಗಾಂಶವನ್ನೂ ಸೇರಿಸಿ ಬೇಯಿಸಬೇಕು. ಆಗ ಉಂಡೆಯ ಅಗಲ ಐದು ಸೆಂಟಿಮೀಟರ್ ಆಗಬೇಕು. ಗೋಳದ ಗಾತ್ರ ವ್ಯಾಸದ ಘನಕ್ಕೆ ಅನುಪಾತದಲ್ಲಿರುವುದರಿಂದ, ಇದು ಮೊದಲ ಸೂಜಿಯ ಉಂಡೆಗಿಂತ ಮೂವತ್ತು ಪಟ್ಟು ದೊಡ್ಡದು.

ಏಕೆ ಇಷ್ಟು ಚಿಕ್ಕ ಉಂಡೆ? ಒಂದು ಬಿಂದುವಿನಿಂದ ಎಲ್ಲ ಕಡೆಗೆ ಹರಡುವ ವಿದ್ಯುತ್ತಿನ ಸಾಂದ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಹುಟ್ಟುವ ಬಿಸಿ ಆ ಸಾಂದ್ರತೆಯ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಆದ್ದರಿಂದ ಬಿಸಿ ದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ದೂರ ಎರಡು ಪಟ್ಟಾದರೆ ಬಿಸಿ ಹದಿನಾರನೆಯ ಒಂದು ಪಾಲು. ವಿದ್ಯುತ್ತು ನೇರವಾಗಿ ಕಾಯಿಸುವುದು ಸೂಜಿಯ ಸುತ್ತಲಿನ ಕೆಲವು ಮಿಲಿಮೀಟರನ್ನು ಮಾತ್ರ. ಅಲ್ಲಿಂದಾಚೆ ಬಿಸಿ ಪುಂಡಿಯೊಳಗೆ ಇಳಿಯುವಂತೆ ಮೆಲ್ಲನೆ ವಹನದಿಂದಲೇ ಸಾಗಬೇಕು. ಪುಂಡಿಯಲ್ಲಿ ಬಿಸಿ ಹೊರಗಿನಿಂದ ಒಳಕ್ಕೆ, ಇಲ್ಲಿ ಒಳಗಿನಿಂದ ಹೊರಕ್ಕೆ, ಅಷ್ಟೇ ವ್ಯತ್ಯಾಸ.

ಕೊಡೆ ಮತ್ತು ತಣ್ಣೀರು

ಈ ತೊಡಕಿಗೆ 1990ರ ದಶಕದಲ್ಲಿ ಎರಡು ಬಗೆಯ ಪರಿಹಾರಗಳು ಬಂದವು.

ಮೊದಲನೆಯದು ಕೊಡೆ. ಸೂಜಿಯೊಳಗೆ ಮಡಿಸಿಟ್ಟ ತೆಳುವಾದ ಲೋಹದ ಕಡ್ಡಿಗಳು ಗಂತಿಯನ್ನು ಮುಟ್ಟಿದ ಮೇಲೆ ಹೊರಬಂದು ಬಿಚ್ಚಿದ ಕೊಡೆಯ ಕಡ್ಡಿಗಳಂತೆ ಅಗಲವಾಗಿ ಹರಡುತ್ತವೆ. ಒಂದು ಬಿಂದುವಿನ ಬದಲು ಹತ್ತಾರು ಬಿಂದುಗಳಿಂದ ಬಿಸಿ ಹೊರಡುತ್ತದೆ. ಪುಂಡಿಗೆ ಒತ್ತಿದ ಗುಳಿಯಂತೆಯೇ ಬಿಸಿ ಸಾಗಬೇಕಾದ ದೂರ ಇಲ್ಲಿಯೂ ಕಡಿಮೆಯಾಗುತ್ತದೆ. ಅಮೆರಿಕದ ರಾಬರ್ಟ್ ಲೆವೀನ್ ಹೆಸರಿನ ಸೂಜಿ ಈ ಬಗೆಯದು. ಇಂಥ ಸೂಜಿಗಳಲ್ಲಿ ಕೆಲವು ಅಂಗಾಂಶದ ರೋಧವನ್ನು ಅಳೆಯುತ್ತಾ, ಅದು ಥಟ್ಟನೆ ಏರಿದಾಗ ‘ಬೆಂದಿತು’ ಎಂದು ತಿಳಿಯುತ್ತವೆ. ಇನ್ನು ಕೆಲವು ಕಡ್ಡಿಗಳ ತುದಿಯಲ್ಲಿ ಥರ್ಮೋಕಪಲ್ ಇಟ್ಟು ಉಷ್ಣತೆಯನ್ನೇ ಅಳೆಯುತ್ತವೆ.

ಎರಡನೆಯ ಪರಿಹಾರ ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ: ಹೆಚ್ಚು ಬೇಯಿಸಬೇಕಾದರೆ ಸೂಜಿಯನ್ನು ತಣ್ಣಗಾಗಿಸಬೇಕು! ಬಾಸ್ಟನ್ನಿನ ನಹುಮ್ ಗೋಲ್ಡ್‌ಬರ್ಗ್ ಮತ್ತು ಸಂಗಡಿಗರು ಹಾಗೂ ಡೆನ್ಮಾರ್ಕಿನ ಟೋರ್ಬೆನ್ ಲೊರೆಂಟ್ಸೆನ್ 1996ರಲ್ಲಿ ಇದನ್ನು ತೋರಿಸಿದರು. ಟೊಳ್ಳಾದ ಸೂಜಿಯ ಒಳಗೆ ತಣ್ಣೀರು ಸುತ್ತುತ್ತಿದ್ದರೆ ಸೂಜಿಗೆ ತಾಗಿದ ಅಂಗಾಂಶ ಕರಟುವುದಿಲ್ಲ. ಕರಟದಿದ್ದರೆ ರೋಧ ಏರುವುದಿಲ್ಲ, ರೋಧ ಏರದಿದ್ದರೆ ಇನ್ನಷ್ಟು ವಿದ್ಯುತ್ತನ್ನು ಹರಿಸಬಹುದು. ಅತಿ ಬಿಸಿಯಾದ ಜಾಗ ಸೂಜಿಯ ಮೈಯಿಂದ ಕೆಲವು ಮಿಲಿಮೀಟರ್ ಆಚೆ ಸರಿಯುತ್ತದೆ, ಉಂಡೆ ದೊಡ್ಡದಾಗುತ್ತದೆ. ಗೆಣಸು ಸುಡುವವರು ಕೆಂಡದ ಮೇಲೆ ಬೂದಿ ಮುಚ್ಚಿ ಸಿಪ್ಪೆಯನ್ನು ಕಾಪಾಡುವ ಜಾಣ್ಮೆಗೆ ಇದು ಹತ್ತಿರ. ಮೂರು ತಣ್ಣನೆಯ ಸೂಜಿಗಳನ್ನು ಅರ್ಧ ಸೆಂಟಿಮೀಟರ್ ಅಂತರದಲ್ಲಿ ಜೋಡಿಸಿದ ಗೊಂಚಲು, ವಿದ್ಯುತ್ತನ್ನು ಬಿಟ್ಟುಬಿಟ್ಟು ಹರಿಸುವ ಕ್ರಮ ಇವೂ ಆ ದಶಕದಲ್ಲೇ ಬಂದವು.

ಬಿಸಿ ಕದಿಯುವ ನದಿ

ಕಸಾಯಿ ಅಂಗಡಿಯಿಂದ ತಂದ ಯಕೃತ್ತಿನ ತುಂಡಿನಲ್ಲಿ ಚೆಂದದ ಗೋಳ ಬೇಯಿಸಿದ ಅದೇ ಸೂಜಿ ಜೀವಂತ ಹಂದಿಯಲ್ಲಿ ಚಿಕ್ಕದಾದ, ಅಂಕುಡೊಂಕಾದ ಉಂಡೆಯನ್ನು ಬೇಯಿಸುತ್ತಿತ್ತು. ಕಾರಣ ಪೆನ್ನೆಸ್ ಅವರ ಸಮೀಕರಣದಲ್ಲೇ ಇತ್ತು: ರಕ್ತ. ಹಂದಿಗಳ ಮೇಲಿನ 1998ರ ಒಂದು ಅಧ್ಯಯನದಲ್ಲಿ ಯಕೃತ್ತಿಗೆ ಬರುವ ರಕ್ತವನ್ನು ತಾತ್ಕಾಲಿಕವಾಗಿ ತಡೆದಾಗ ಉಂಡೆ ದೊಡ್ಡದಾಯಿತು. ರಕ್ತ ತಡೆಯುವ ಆ ಉಪಾಯವನ್ನು ಗ್ಲಾಸ್ಗೋದ ಪ್ರಿಂಗಲ್ ಎಂಬ ಶಸ್ತ್ರಚಿಕಿತ್ಸಕ 1908ರಲ್ಲೇ ಬೇರೆ ಉದ್ದೇಶಕ್ಕೆ, ರಕ್ತಸ್ರಾವ ನಿಲ್ಲಿಸಲು, ವಿವರಿಸಿದ್ದರು.

ಸುಮಾರು ಮೂರು ಮಿಲಿಮೀಟರಿಗಿಂತ ಅಗಲವಾದ ರಕ್ತನಾಳ ಪಕ್ಕದಲ್ಲಿದ್ದರೆ ಅದು ಬಿಸಿಯನ್ನು ಕದ್ದೊಯ್ಯುತ್ತದೆ. ನಾಳಕ್ಕೆ ಅಂಟಿಕೊಂಡ ಕ್ಯಾನ್ಸರ್ ಕೋಶಗಳು ಬದುಕಿ ಉಳಿದು ಮತ್ತೆ ಬೆಳೆಯುತ್ತವೆ. ನಾಳಕ್ಕೆ ಅದರಿಂದ ಲಾಭವೂ ಇದೆ, ಅದು ಸುಡದೆ ಉಳಿಯುತ್ತದೆ. ನಮ್ಮನ್ನು ಕಾಯುವ ಹರಿವೇ ಗಂತಿಯನ್ನೂ ಕಾಯುತ್ತದೆ.

ಶಿಕ್ಷಕರು ಇದನ್ನು ತರಗತಿಯಲ್ಲಿ ತೋರಿಸಬಹುದು. ಗಾಜಿನ ಬಟ್ಟಲಿನಲ್ಲಿ ಮೊಟ್ಟೆಯ ಬಿಳಿಲೋಳೆ ತೆಗೆದುಕೊಂಡು, ದಪ್ಪ ತಾಮ್ರದ ಕಂಬಿಯೊಂದನ್ನು ಬಗ್ಗಿಸಿ ಅದರ ಒಂದು ತುದಿಯನ್ನು ಲೋಳೆಯಲ್ಲಿ ಅದ್ದಿ ಇನ್ನೊಂದನ್ನು ಸ್ಪಿರಿಟ್ ದೀಪದಲ್ಲಿ ಕಾಯಿಸಿ. ಕಂಬಿಯ ಸುತ್ತ ಬಿಳಿಯ ಉಂಗುರ ಬೆಳೆಯುತ್ತದೆ. ಕಂಬಿಯ ಒಂದು ಬದಿಗೆ ಹತ್ತಿರದಲ್ಲಿ ಸಣ್ಣ ಲೋಹದ ಕೊಳವೆಯನ್ನಿಟ್ಟು ಅದರಲ್ಲಿ ತಣ್ಣೀರು ಹರಿಸಿ. ಆ ಬದಿಯಲ್ಲಿ ಉಂಗುರ ತಗ್ಗುತ್ತದೆ, ಕೊಳವೆಗೆ ತಾಗಿದ ಲೋಳೆ ಪಾರದರ್ಶಕವಾಗಿಯೇ ಉಳಿಯುತ್ತದೆ.

ಸೂಜಿಯೇ ಆಂಟೆನಾ

ರಕ್ತ ಬಿಸಿಯನ್ನು ಕದಿಯುವುದಕ್ಕಿಂತ ವೇಗವಾಗಿ ಬಿಸಿ ಹುಟ್ಟಿಸಬೇಕೆಂಬ ಹುಡುಕಾಟ ಎಂಜಿನಿಯರುಗಳನ್ನು ಮೈಕ್ರೋವೇವ್‌ನತ್ತ, ಅಂದರೆ ಸೂಕ್ಷ್ಮ ತರಂಗಗಳತ್ತ, ಕರೆದೊಯ್ದಿತು. ಜಪಾನಿನ ವಕಯಾಮದ ಕತ್ಸುಯೋಶಿ ತಬುಸೆ 1979ರಲ್ಲಿಯೇ ಯಕೃತ್ತನ್ನು ರಕ್ತಸ್ರಾವವಿಲ್ಲದೆ ಕತ್ತರಿಸಲು ಮೈಕ್ರೋವೇವ್ ಸೂಜಿಯನ್ನು ಬಳಸಿದ್ದರು. 1994ರಲ್ಲಿ ಜಪಾನಿನ ತೋಶಿಹಿತೊ ಸೆಕಿ ಮತ್ತು ಸಂಗಡಿಗರು ಹೊಟ್ಟೆ ತೆರೆಯದೆ ಚರ್ಮದ ಮೂಲಕವೇ ಆ ಸೂಜಿಯನ್ನು ಸಣ್ಣ ಗಂತಿಗಳಿಗೆ ತಲುಪಿಸಿದರು.

ಇಲ್ಲಿ ವಿದ್ಯುತ್ತು ಹರಿಯುವ ದಾರಿ ಬೇಡ, ತೊಡೆಗೆ ಪಟ್ಟಿಯೂ ಬೇಡ. ಸೂಜಿಯ ತುದಿ ಒಂದು ಪುಟ್ಟ ಆಂಟೆನಾ. ಅದರಿಂದ ಹೊರಡುವ 2450 ಮೆಗಾಹರ್ಟ್ಸ್ ತರಂಗಕ್ಕೆ ನೀರಿನ ಅಣುಗಳು ತಿರುಗಿ ತಿರುಗಿ ಬಿಸಿಯಾಗುತ್ತವೆ. ಅಂಗಾಂಶ ಸ್ವಲ್ಪ ಒಣಗಿದರೂ ತರಂಗ ಆಚೆ ಸಾಗಬಲ್ಲದು. ಅಡುಗೆಯ ಮೈಕ್ರೋವೇವ್ ಒಲೆಯದೂ ಇದೇ ಆವೃತ್ತಿ. ಗಾಳಿಯಲ್ಲಿ ಈ ತರಂಗದ ಉದ್ದ 12 ಸೆಂಟಿಮೀಟರ್. ನೀರು ತುಂಬಿದ ಯಕೃತ್ತಿನೊಳಗೆ ಅದು ಎರಡು ಸೆಂಟಿಮೀಟರಿಗಿಂತ ಕಡಿಮೆಯಾಗುತ್ತದೆ. ಆಂಟೆನಾದ ಅಳತೆಯನ್ನು ಸುತ್ತಲಿನ ವಸ್ತುವಿಗೆ ತಕ್ಕಂತೆ ನಿರ್ಧರಿಸಬೇಕೆಂಬುದು ಇದರಿಂದ ಸ್ಪಷ್ಟ.

ಈ ಆಂಟೆನಾ ವಿದ್ಯೆಗೆ ನಮ್ಮ ನಾಡಿನಲ್ಲಿ ಬೇರು ಕೊಟ್ಟವರನ್ನು ಇಲ್ಲಿ ನೆನೆಯಬೇಕು. ಕನ್ನಡತಿ ರಾಜೇಶ್ವರಿ ಚಟರ್ಜಿ (1922–2010) ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಹೋಗಿ, ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಅಲ್ಲಿ ಮೈಕ್ರೋವೇವ್ ಸಂಶೋಧನೆಯನ್ನು ಕಟ್ಟಿ ಬೆಳೆಸಿದರು, 1982ರಲ್ಲಿ ನಿವೃತ್ತರಾದರು. ಅವರು ವೈದ್ಯಕೀಯ ಸೂಜಿ ಮಾಡಿದವರಲ್ಲ. ಆದರೆ ವಿದ್ಯುತ್ತನ್ನು ಒಯ್ಯದ ವಸ್ತುವೊಂದು ಆಂಟೆನಾವನ್ನು ಸುತ್ತುವರಿದಾಗ ತರಂಗದ ರೂಪ ಹೇಗೆ ಬದಲಾಗುತ್ತದೆ ಎಂಬುದು ಅವರು ಆಳವಾಗಿ ಅಧ್ಯಯನ ಮಾಡಿ ಪುಸ್ತಕ ಬರೆದ ವಿಷಯಗಳಲ್ಲಿ ಒಂದು. ಅಬ್ಲೇಷನ್ ಸೂಜಿ ಮಾಡುವವರು ಇಂದು ಎದುರಿಸುವ ಪ್ರಶ್ನೆಯೂ ಇದೇ ಜಾತಿಯದು: ಬೇಯುತ್ತಾ ಒಣಗುತ್ತಾ ಹೋಗುವ ಯಕೃತ್ತಿನ ಗುಣ ಕ್ಷಣಕ್ಷಣಕ್ಕೂ ಬದಲಾಗುವಾಗ ಆಂಟೆನಾ ಅದಕ್ಕೆ ಹೊಂದಿಕೊಂಡಿರುವುದು ಹೇಗೆ?

ಮೈಕ್ರೋವೇವ್‌ಗೂ ತನ್ನದೇ ಗಡಿಯ ತೊಂದರೆ ಇತ್ತು. ತರಂಗದ ಒಂದು ಪಾಲು ಸೂಜಿಯ ಮೈಗುಂಟ ಹಿಂದಕ್ಕೆ ಹರಿದು ಬರುತ್ತಿತ್ತು. ಬೆಂದ ಭಾಗ ಉಂಡೆಯಾಗದೆ ಬಾಲವಿರುವ ಹನಿಯಂತಾಗುತ್ತಿತ್ತು, ಚರ್ಮ ಸುಡುವ ಭಯವೂ ಇತ್ತು. ಸೂಜಿಯ ಹೊರಗೆ ಕಾಲು ತರಂಗದೂರದ ಲೋಹದ ತೋಳು ತೊಡಿಸಿ ಹಿಂದೆ ಬರುವ ತರಂಗವನ್ನು ತಡೆಯುವುದು ಒಂದು ಉಪಾಯವಾಯಿತು, ಕಾಂಡದೊಳಗೆ ತಣ್ಣೀರು ಹರಿಸುವುದು ಇನ್ನೊಂದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಎಂಜಿನಿಯರುಗಳು 2000ದ ದಶಕದಲ್ಲಿ ಇಂಥ ವಿನ್ಯಾಸಗಳ ಮೇಲೆ ಬಹಳ ಕೆಲಸ ಮಾಡಿದರು.

ಲೆಕ್ಕ ಏನು ಹೇಳುತ್ತದೆ?

ಸಾಧನ ಚೆನ್ನಾಗಿದ್ದರೆ ಸಾಲದು, ರೋಗಿ ಬದುಕಬೇಕು. ಇಟಲಿಯ ಟಿಟೊ ಲಿವ್ರಾಗಿ ಮತ್ತು ಸಂಗಡಿಗರು 2003ರಲ್ಲಿ ರೇಡಿಯೋ ಆವೃತ್ತಿ ಚಿಕಿತ್ಸೆ ಪಡೆದ 2320 ರೋಗಿಗಳ ಲೆಕ್ಕ ಕೊಟ್ಟರು. ಆರು ಮಂದಿ ಸತ್ತಿದ್ದರು, 50 ಮಂದಿಗೆ ಗಂಭೀರ ತೊಡಕುಗಳಾಗಿದ್ದವು. ಕರುಳು ಗಂತಿಗೆ ತಾಗಿದಂತಿದ್ದರೆ ಅದೂ ಸುಟ್ಟು ತೂತಾಗಬಹುದು. ಹೀಗಾಗದಂತೆ ವೈದ್ಯರು ಯಕೃತ್ತಿಗೂ ಕರುಳಿಗೂ ನಡುವೆ ದ್ರವ ತುಂಬಿ ಅಂತರ ಮಾಡುತ್ತಾರೆ. ರೇಡಿಯೋ ಆವೃತ್ತಿಯ ಸೂಜಿಯಾದರೆ ಆ ದ್ರವ ಉಪ್ಪುನೀರಾಗಿರಬಾರದು, ಏಕೆಂದರೆ ಅದು ವಿದ್ಯುತ್ತನ್ನು ಒಯ್ಯುತ್ತದೆ. ಗ್ಲೂಕೋಸ್ ನೀರಾದರೆ ಒಯ್ಯುವುದಿಲ್ಲ. ಪ್ರೌಢಶಾಲೆಯ ಪಾಠವೊಂದು ಇಲ್ಲಿ ಕರುಳನ್ನು ಉಳಿಸುತ್ತದೆ.

ಅದೇ ತಂಡದ 2008ರ ವರದಿಯಲ್ಲಿ ಎರಡು ಸೆಂಟಿಮೀಟರ್ ಒಳಗಿನ ಒಂದೇ ಗಂತಿಯಿದ್ದ 218 ರೋಗಿಗಳಿದ್ದರು. ಶೇಕಡಾ 97ರಷ್ಟು ಮಂದಿಯಲ್ಲಿ ಆ ಗಂತಿ ಪೂರ್ತಿ ನಾಶವಾಗಿತ್ತು. ರೇಡಿಯೋ ಆವೃತ್ತಿ ಮತ್ತು ಮೈಕ್ರೋವೇವ್‌ಗಳನ್ನು ನೇರವಾಗಿ ಹೋಲಿಸಿದ, 2018ರಲ್ಲಿ ಪ್ರಕಟವಾದ ಫ್ರಾನ್ಸ್–ಸ್ವಿಟ್ಜರ್‌ಲೆಂಡ್ ಪ್ರಯೋಗದಲ್ಲಿ ಎರಡರ ನಡುವೆ ಖಚಿತ ವ್ಯತ್ಯಾಸ ಕಾಣಲಿಲ್ಲ. ಸಾಧನ ಹೊಸದಾದ ಮಾತ್ರಕ್ಕೆ ಫಲ ಹೆಚ್ಚುವುದಿಲ್ಲ ಎಂಬ ಎಚ್ಚರಿಕೆ ಇದು. ಕರುಳಿನಿಂದ ಯಕೃತ್ತಿಗೆ ಹರಡಿದ, ಮೂರು ಸೆಂಟಿಮೀಟರ್ ಒಳಗಿನ ಗಂತಿಗಳಿದ್ದ ಸುಮಾರು 300 ರೋಗಿಗಳ ಮೇಲೆ ನೆದರ್‌ಲೆಂಡ್ಸಿನ ನೇತೃತ್ವದಲ್ಲಿ ನಡೆದ ಪ್ರಯೋಗದ ಫಲ 2025ರಲ್ಲಿ ಪ್ರಕಟವಾಯಿತು. ಬಿಸಿಯ ಚಿಕಿತ್ಸೆ ಶಸ್ತ್ರಚಿಕಿತ್ಸೆಗಿಂತ ಕಡಿಮೆಯದಲ್ಲ, ತೊಡಕುಗಳೂ ಕಡಿಮೆ ಎಂದು ಅದು ಹೇಳಿತು. ಕೇವಲ ಮೂವತ್ತೈದು ವರ್ಷಗಳಲ್ಲಿ 1.6 ಸೆಂಟಿಮೀಟರಿನ ಉಂಡೆ ಇಲ್ಲಿಗೆ ಬಂದು ಮುಟ್ಟಿತ್ತು.

ಮೂರು ಸೆಂಟಿಮೀಟರಿನ ಮಾತು

ಈ ಇತಿಹಾಸದ ಉದ್ದಕ್ಕೂ ಒಂದು ಅಂಕಿ ಮತ್ತೆ ಮತ್ತೆ ಬಂದುದನ್ನು ಓದುಗರು ಗಮನಿಸಿರಬಹುದು: ಮೂರು ಸೆಂಟಿಮೀಟರ್. ಕೊಡೆ, ತಣ್ಣೀರು, ಆಂಟೆನಾ ಎಲ್ಲವೂ ಬಂದ ಮೇಲೂ ಬಿಸಿಯ ಸೂಜಿ ಚೆನ್ನಾಗಿ ಕೆಲಸ ಮಾಡುವುದು ಸಣ್ಣ ಗಂತಿಯಲ್ಲಿ. ಒಂದು ನೆಲ್ಲಿಕಾಯಿ ಗಾತ್ರದವರೆಗೆ ನಂಬಿಕೆ ಇಡಬಹುದು. ಮೂಸಂಬಿ ಗಾತ್ರವಾದರೆ ಭೌತವಿಜ್ಞಾನವೇ ಕೈಚೆಲ್ಲುತ್ತದೆ.

ತೊಂದರೆ ಏನೆಂದರೆ ನೆಲ್ಲಿಕಾಯಿ ಗಾತ್ರದ ಗಂತಿ ನೋಯುವುದಿಲ್ಲ. ಯಕೃತ್ತಿನ ಒಳಭಾಗಕ್ಕೆ ನೋವು ತಿಳಿಸುವ ನರಗಳಿಲ್ಲ, ನೋವು ತಿಳಿಯುವುದು ಅದರ ಹೊರಕವಚ ಹಿಗ್ಗಿದಾಗ. ಹೊಟ್ಟೆ ನೋಯುತ್ತದೆ ಎಂದು ಬರುವ ಹೊತ್ತಿಗೆ ಸೂಜಿಯ ಕಾಲ ಮೀರಿರುತ್ತದೆ. ಆದ್ದರಿಂದ ಸಿರೋಸಿಸ್ ಇರುವವರು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿಸಿಕೊಳ್ಳಬೇಕೆಂಬುದು ವೈದ್ಯರ ಸಲಹೆ. ಅದಕ್ಕಿಂತ ಮೊದಲಿನ ಹೆಜ್ಜೆ ಹೆಪಟೈಟಿಸ್ ‘ಬಿ’ ಲಸಿಕೆ. ಹೈದರಾಬಾದಿನಲ್ಲಿ ತಯಾರಾದ ದೇಶೀಯ ಲಸಿಕೆ 1997ರಲ್ಲಿ ಬಂದ ಮೇಲೆ ಅದು ಅಗ್ಗವಾಯಿತು. ಈಗ ಮಕ್ಕಳ ಲಸಿಕೆಗಳ ಸರ್ಕಾರಿ ಪಟ್ಟಿಯಲ್ಲಿ ಸೇರಿದೆ.

ಮುಂಡಾಜೆಯಿಂದ ಮಂಗಳೂರಿಗೆ ಸುಮಾರು ಎಪ್ಪತ್ತು ಕಿಲೋಮೀಟರ್, ಬೆಂಗಳೂರಿಗಾದರೆ ಚಾರ್ಮಾಡಿ ಘಾಟಿ ಹತ್ತಬೇಕು. ಅಬ್ಲೇಷನ್ ಇಂದು ರಾಜ್ಯದ ದೊಡ್ಡ ಆಸ್ಪತ್ರೆಗಳಲ್ಲಿ ದೊರೆಯುತ್ತದೆ, ಊರಲ್ಲಿ ದೊರೆಯದು. ದೊರೆಯಬೇಕೆಂದೂ ಇಲ್ಲ, ಗಂತಿಯ ವಿಷಯದಲ್ಲಿ ಒಮ್ಮೆ ಘಾಟಿ ಹತ್ತಿ ಬರುವುದು ಆಗದ ಮಾತಲ್ಲ. ಊರಿನ ಹತ್ತಿರವೇ ಇರಬೇಕಾದದ್ದು ಕಾಮಾಲೆ ಬಂದವರಿಗೆ ಬರೆಯ ಬದಲು ರಕ್ತಪರೀಕ್ಷೆ, ವೈರಸ್ ಇದೆಯೆಂದು ತಿಳಿದವರಿಗೆ ನಿಯಮಿತವಾದ ಸ್ಕ್ಯಾನ್. ಇವೆರಡನ್ನು ಮಕ್ಕಳಿಗೂ ಅವರ ಮೂಲಕ ಮನೆಗಳಿಗೂ ತಿಳಿಸಲು ಶಾಲೆಗಿಂತ ಒಳ್ಳೆಯ ಜಾಗ ಬೇರೊಂದಿಲ್ಲ. ನೂರು ವರ್ಷಗಳ ಪರಿಶ್ರಮದಿಂದ ಎಂಜಿನಿಯರುಗಳು ಬಿಸಿಗೆ ಗಡಿ ಹಾಕಿದ್ದಾರೆ. ಗಂತಿ ಆ ಗಡಿಯೊಳಗೆ ಇರುವಾಗಲೇ ಅದನ್ನು ಕಂಡುಹಿಡಿಯುವುದು ನಮ್ಮ ಪಾಲಿನ ಕೆಲಸ.